ಮೊಬೈಲ್‌ನಲ್ಲಿ ಉಳಿದ ಮಾತು: ಸಂಕುಚಿತ ಧ್ವನಿಮುದ್ರಿಕೆಯನ್ನು ಸಂಪಾದನೆಗೆ ಸಿದ್ಧಗೊಳಿಸುವ ಬಗೆ

ಹಾವೇರಿ ಮತ್ತು ರಾಣೆಬೆನ್ನೂರುಗಳ ನಡುವೆ, ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಬದಿಗಿರುವ ಮೋಟೆಬೆನ್ನೂರು ಬ್ಯಾಡಗಿ ತಾಲ್ಲೂಕಿನ ಒಂದು ಗ್ರಾಮ. ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಈ ಊರಿನ ಹೆಸರು ಉಳಿದಿರುವುದು ಮೈಲಾರ ಮಹದೇವಪ್ಪನವರ ಹುಟ್ಟೂರು ಎಂಬ ಕಾರಣಕ್ಕೆ. 1911ರಲ್ಲಿ ಇಲ್ಲಿ ಜನಿಸಿದ ಮಹದೇವಪ್ಪ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ಹೆಜ್ಜೆ ಹಾಕಿದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠ ಅವರೊಂದಿಗೆ ಪೊಲೀಸರ ಗುಂಡಿಗೆ ಬಲಿಯಾದವರು.

ಅಂದು ಹತ್ತು ವರ್ಷದ ಬಾಲಕನಾಗಿದ್ದವರಿಗೆ ಇಂದು ತೊಂಬತ್ತು ದಾಟಿದೆ. ಆ ದಿನಗಳನ್ನು ಕಣ್ಣಾರೆ ಕಂಡು ಹೇಳಬಲ್ಲವರ ಕಾಲ ಬಹುಮಟ್ಟಿಗೆ ಮುಗಿದಿದೆ. ಅವರ ಮಾತು ಎಲ್ಲಿಯಾದರೂ ಉಳಿದಿದ್ದರೆ ಅದು ಆಕಾಶವಾಣಿಯ ಟೇಪಿನಲ್ಲಿ ಇರಬೇಕು, ಇಲ್ಲವೇ ಮೊಮ್ಮಕ್ಕಳ ಹಳೆಯ ಮೊಬೈಲ್ ಫೋನಿನಲ್ಲಿ. 2000ದ ದಶಕದಲ್ಲಿ ಧ್ವನಿಮುದ್ರಣದ ಸೌಲಭ್ಯವುಳ್ಳ ಹ್ಯಾಂಡ್‌ಸೆಟ್‌ಗಳು ಹಳ್ಳಿಹಳ್ಳಿಗೂ ತಲುಪಿದವು. ಅಜ್ಜನೊಬ್ಬ ಪಡಸಾಲೆಯಲ್ಲಿ ಕುಳಿತು ಹಳೆಯ ಸುದ್ದಿ ತೆಗೆದಾಗ ಗುಂಡಿ ಒತ್ತಿ ಮುದ್ರಿಸಿಕೊಂಡವರು ಈ ಜಿಲ್ಲೆಯಲ್ಲಿ ಮಾತ್ರವಲ್ಲ, ನಾಡಿನ ಎಲ್ಲೆಡೆ ಇದ್ದಾರೆ. ಹಾಗೆ ಮುದ್ರಿತವಾದುದು ಬಹುತೇಕ ಅತ್ಯಂತ ಸಂಕುಚಿತ ಸ್ವರೂಪದ ಕಡತ. ಅದನ್ನು ಸಾಕ್ಷ್ಯಚಿತ್ರಕ್ಕೋ, ಬಾನುಲಿ ಕಾರ್ಯಕ್ರಮಕ್ಕೋ, ಸಂಶೋಧನೆಗೋ ಬಳಸಬೇಕೆಂದಾಗ ವೃತ್ತಿಪರ ಸಂಪಾದನಾ ತಂತ್ರಾಂಶ ತೆರೆಯುವಂತಹ ಸ್ವರೂಪಕ್ಕೆ ಬದಲಾಯಿಸುವುದು ಅನಿವಾರ್ಯ. ಪರಿವರ್ತನೆಯ ಕೆಲಸ ಐದು ನಿಮಿಷದ್ದು. ಆದರೆ ಆ ಐದು ನಿಮಿಷದಲ್ಲಿ ಮಾಡುವ ತಪ್ಪು ತಿದ್ದಲಾಗದಂತಹುದು, ಏಕೆಂದರೆ ಇನ್ನೊಮ್ಮೆ ಕೇಳಿ ಮುದ್ರಿಸಿಕೊಳ್ಳಲು ಹೇಳಿದವರು ಉಳಿದಿರುವುದಿಲ್ಲ.

ಕಡತದೊಳಗೆ ಇರುವುದೇನು?

ಆ ಕಾಲದ ಮೊಬೈಲ್‌ಗಳು ಹೆಚ್ಚಾಗಿ ಬಳಸಿದ್ದು ಎ.ಎಂ.ಆರ್. ಎಂಬ ಸ್ವರೂಪವನ್ನು. 1999ರಲ್ಲಿ ಮೊಬೈಲ್ ದೂರವಾಣಿಯ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಇದನ್ನು ಅಂಗೀಕರಿಸಿತು. ದೂರವಾಣಿ ಸಂಭಾಷಣೆಗೆಂದೇ ರೂಪಿಸಿದ ಈ ವಿಧಾನ ಸೆಕೆಂಡಿಗೆ 8,000 ಮಾದರಿಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಎಂಟು ಮಟ್ಟಗಳಲ್ಲಿ ಅತಿ ಕೆಳಗಿನದು ಸೆಕೆಂಡಿಗೆ 4.75 ಕಿಲೋಬಿಟ್, ಅತಿ ಮೇಲಿನದು 12.2 ಕಿಲೋಬಿಟ್.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೆಂದರೆ, ಎ.ಎಂ.ಆರ್. ಕಡತದಲ್ಲಿ ಧ್ವನಿಯ ಅಲೆ ಇರುವುದೇ ಇಲ್ಲ. ಮಾತನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲಿ ಗಂಟಲು ಮತ್ತು ಬಾಯಿ ಯಾವ ಆಕಾರದಲ್ಲಿದ್ದವು, ಸ್ವರ ಎಷ್ಟು ಎತ್ತರದಲ್ಲಿತ್ತು, ಉಸಿರಿನ ಒತ್ತಡ ಯಾವ ಬಗೆಯದು ಎಂಬುದರ ಅಂದಾಜನ್ನು ಮಾತ್ರ ಅಂಕಿಗಳಲ್ಲಿ ಬರೆದಿಡಲಾಗುತ್ತದೆ. ಅತಿ ಮೇಲಿನ ಮಟ್ಟದಲ್ಲಿ ಒಂದು ತುಣುಕಿಗೆ ದೊರೆಯುವುದು 244 ಬಿಟ್. ಅದೇ ತುಣುಕಿನ 160 ಮಾದರಿಗಳನ್ನು ಸಂಕುಚಿಸದೆ 16 ಬಿಟ್‌ನಲ್ಲಿ ಇರಿಸಿದ್ದರೆ 2,560 ಬಿಟ್ ಬೇಕಾಗುತ್ತಿತ್ತು. ಕೇಳುವಾಗ ಯಂತ್ರವು ಆ ಅಂದಾಜಿನ ಆಧಾರದಿಂದ ಮಾತನ್ನು ಮತ್ತೆ ಕಟ್ಟಿಕೊಡುತ್ತದೆ. ಒಬ್ಬ ಮನುಷ್ಯ ಮಾತನಾಡುತ್ತಿರುವವರೆಗೆ ಈ ಉಪಾಯ ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಹಿನ್ನೆಲೆಯಲ್ಲಿ ಏಕತಾರಿ ಮಿಡಿದರೆ, ಡೊಳ್ಳು ಬಡಿದರೆ, ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಲೆಕ್ಕ ತಪ್ಪುತ್ತದೆ. ಯಂತ್ರ ಡೊಳ್ಳಿನ ಸದ್ದನ್ನೂ ಮನುಷ್ಯನ ಗಂಟಲಿನ ಅಳತೆಗೆ ಹೊಂದಿಸಲು ಹೆಣಗುತ್ತದೆ. ಶಿಶುನಾಳ ಷರೀಫರ ಜಿಲ್ಲೆಯಲ್ಲಿ ತತ್ವಪದಗಳನ್ನು ಹೀಗೆ ಮುದ್ರಿಸಿಕೊಂಡವರಿಗೆ ಈ ಅನುಭವ ಹೊಸದಲ್ಲ.

ಎ.ಎಂ.ಆರ್. ಅಲ್ಲದೆ ಇನ್ನೂ ಮೂರು ಸ್ವರೂಪಗಳು ಕೈಗೆ ಸಿಗುವುದುಂಟು. ವಕೀಲರು, ವೈದ್ಯರು, ಕೆಲವು ಪತ್ರಕರ್ತರು ಬಳಸುತ್ತಿದ್ದ ಜೇಬಿನ ಡಿಕ್ಟಾಫೋನ್‌ಗಳಲ್ಲಿ ಗ್ರುಂಡಿಗ್, ಒಲಿಂಪಸ್, ಫಿಲಿಪ್ಸ್ ಕಂಪನಿಗಳು ಒಟ್ಟಾಗಿ ತಂದ ಡಿ.ಎಸ್.ಎಸ್. ಸ್ವರೂಪವಿರುತ್ತದೆ. ಎಂಪಿ3 ಎಲ್ಲರಿಗೂ ಪರಿಚಿತ. ಈಚಿನ ವರ್ಷಗಳಲ್ಲಿ ವಾಟ್ಸ್ಆ್ಯಪ್‌ನ ಧ್ವನಿ ಸಂದೇಶಗಳು ಬರುವುದು 2012ರಲ್ಲಿ ಮಾನಕವಾದ ಓಪಸ್ ಸ್ವರೂಪದಲ್ಲಿ. ಇವುಗಳಲ್ಲಿ ಮಾತಿನ ಮಟ್ಟಿಗೆ ಓಪಸ್ ಎಲ್ಲಕ್ಕಿಂತ ಉತ್ತಮ, ಹಳೆಯ ಎ.ಎಂ.ಆರ್. ಎಲ್ಲಕ್ಕಿಂತ ಬಡವ.

ಸಂಪಾದನೆಗೆ ಬೇರೆ ಸ್ವರೂಪ ಏಕೆ?

ಸಂಪಾದನಾ ತಂತ್ರಾಂಶಕ್ಕೆ ಬೇಕಾದುದು ಧ್ವನಿಯ ಪ್ರತಿ ಕ್ಷಣದ ಎತ್ತರವನ್ನು ಬಿಡಿಬಿಡಿಯಾಗಿ ಬರೆದ ಕಡತ. ಆಗ ಮಾತ್ರ ಒಂದು ಪದದ ನಂತರದ ಉಸಿರನ್ನು ಕೂದಲೆಳೆಯಷ್ಟು ನಿಖರವಾಗಿ ಕತ್ತರಿಸಬಹುದು. ಸಂಕುಚಿತ ಕಡತದಲ್ಲಿ ಒಂದು ತುಣುಕಿನ ಅರ್ಥ ಹಿಂದಿನ ತುಣುಕನ್ನು ಅವಲಂಬಿಸಿರುತ್ತದೆ. ನಡುವೆ ಕತ್ತರಿ ಹಾಕಿದರೆ ಮುಂದಿನದು ಕೆಲ ಹೊತ್ತು ತೊದಲುತ್ತದೆ.

ವೃತ್ತಿಪರ ಸಂಪಾದನೆಯಲ್ಲಿ ಎಲ್ಲೆಡೆ ಒಪ್ಪಿತವಾದುದು ಮೈಕ್ರೋಸಾಫ್ಟ್ ಹಾಗೂ ಐ.ಬಿ.ಎಂ. ಸಂಸ್ಥೆಗಳು 1991ರಲ್ಲಿ ಪ್ರಕಟಿಸಿದ ವೇವ್ ಸ್ವರೂಪ. ಆ್ಯಪಲ್ ಸಂಸ್ಥೆ 1988ರಲ್ಲೇ ತಂದ ಎ.ಐ.ಎಫ್.ಎಫ್. ಇದಕ್ಕೆ ಸಮಾನವಾದುದು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು 1997ರಲ್ಲಿ ವೇವ್ ಕಡತದೊಳಗೆ ವಿವರಣೆ, ಮೂಲ, ದಿನಾಂಕ, ಸಮಯ ಇತ್ಯಾದಿಗಳಿಗೆ ಜಾಗ ಸೇರಿಸಿ ಬ್ರಾಡ್‌ಕಾಸ್ಟ್ ವೇವ್ ಎಂಬ ರೂಪವನ್ನು ನಿಗದಿಪಡಿಸಿತು. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘ ಶಿಫಾರಸು ಮಾಡಿರುವುದೂ ಇದನ್ನೇ. ಪ್ರೊ ಟೂಲ್ಸ್, ಅಡೋಬ್ ಆಡಿಷನ್, ಉಚಿತವಾಗಿ ದೊರೆಯುವ ಅಡಾಸಿಟಿ, ಆರ್ಡರ್ ಇವೆಲ್ಲವೂ ಇದನ್ನು ತೆರೆಯುತ್ತವೆ. ಕಡತದ ಹೆಸರಿನ ಬಾಲ ಎರಡಕ್ಕೂ ಒಂದೇ ಆದುದರಿಂದ ಸಾಮಾನ್ಯ ವೇವ್ ಯಾವುದು, ಬ್ರಾಡ್‌ಕಾಸ್ಟ್ ವೇವ್ ಯಾವುದು ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಮೊದಲು ಮೂಲವನ್ನು ಕಾಪಾಡಿ

ಪರಿವರ್ತನೆಗೆ ಕೈಹಾಕುವ ಮುನ್ನ ಮೂಲ ಕಡತವನ್ನು ಎರಡು ಪ್ರತ್ಯೇಕ ಸ್ಥಳಗಳಲ್ಲಿ ನಕಲು ಮಾಡಿಡಬೇಕು. ವೇವ್ ಸಿದ್ಧವಾಯಿತೆಂದು ಎ.ಎಂ.ಆರ್. ಕಡತವನ್ನು ಅಳಿಸಿಹಾಕುವವರು ಅನೇಕರು. ಒಂದು ಗಂಟೆಯ ಕಡತ 6 ಮೆಗಾಬೈಟ್ ಕೂಡ ಇರುವುದಿಲ್ಲ. ಅದನ್ನು ಅಳಿಸಿ ಉಳಿಸುವ ಜಾಗ ಯಾವ ಲೆಕ್ಕಕ್ಕೂ ಬಾರದು. ಮುಂದೊಂದು ದಿನ ಇನ್ನೂ ಉತ್ತಮವಾದ ಪರಿವರ್ತಕ ಬಂದರೆ ಅದಕ್ಕೆ ಬೇಕಾಗುವುದು ಮೂಲವೇ ಹೊರತು ನಾವು ಇಂದು ಮಾಡಿದ ವೇವ್ ಅಲ್ಲ.

ನಕಲು ಮಾಡಿದೊಡನೆ ಪ್ರತಿ ಕಡತದ ಹ್ಯಾಶ್ ಮೌಲ್ಯವನ್ನು ಬರೆದಿಡುವುದು ಒಳ್ಳೆಯದು. ಇದು ಕಡತದ ಬೆರಳಚ್ಚಿನಂತೆ. ಒಂದೇ ಒಂದು ಬಿಟ್ ಬದಲಾದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಮುದ್ರಿಕೆಯು ಜಮೀನಿನ ವ್ಯಾಜ್ಯಕ್ಕೋ ಬೇರೆ ಮೊಕದ್ದಮೆಗೋ ಸಂಬಂಧಿಸಿದ್ದರೆ ಇದು ಬರೀ ಶಿಸ್ತಿನ ಮಾತಾಗಿ ಉಳಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕಾಗುತ್ತದೆ. ಪರಿವರ್ತಿಸಿ, ಸದ್ದು ತೆಗೆದು, ಚೊಕ್ಕಟ ಮಾಡಿದ ಪ್ರತಿಯನ್ನು ಮೂಲವೆಂದು ನ್ಯಾಯಾಲಯದ ಮುಂದಿಡುವುದು ತೊಂದರೆಗೆ ದಾರಿ.

ದಿನಾಂಕದ ವಿಷಯದಲ್ಲಿಯೂ ಎಚ್ಚರ ಬೇಕು. ಎ.ಎಂ.ಆರ್. ಕಡತದ ಒಳಗೆ ಮುದ್ರಣದ ದಿನಾಂಕ ಬರೆಯಲು ಜಾಗವೇ ಇಲ್ಲ. ಫೋನಿನ ಪಟ್ಟಿಯಲ್ಲಿ ಕಾಣುವ ದಿನಾಂಕವು ಬ್ಲೂಟೂತ್ ಮೂಲಕ ಇನ್ನೊಂದು ಫೋನಿಗೆ ಕಳುಹಿಸಿದ ಕೂಡಲೇ ಅಳಿಸಿ, ಕಳುಹಿಸಿದ ದಿನದ ದಿನಾಂಕ ಬಂದು ಕೂರುತ್ತದೆ. ಬ್ಯಾಟರಿ ತೆಗೆದು ಹಾಕಿದಾಗ ಗಡಿಯಾರವನ್ನೇ ಮರೆತುಬಿಡುವ ಹ್ಯಾಂಡ್‌ಸೆಟ್‌ಗಳೂ ಇದ್ದವು. ಆದುದರಿಂದ ಅಜ್ಜ ಮಾತನಾಡಿದ್ದು ಯಾವ ವರ್ಷ, ಯಾವ ಹಬ್ಬದ ಮರುದಿನ ಎಂದು ಮನೆಯವರನ್ನು ಕೇಳಿ ಕಾಗದದ ಮೇಲೆ ಬರೆದುಕೊಳ್ಳುವುದೇ ಹೆಚ್ಚು ನಂಬಲರ್ಹ.

ಪರಿವರ್ತನೆಯ ಕ್ರಮ

ಕಡತದ ಹೆಸರಿನ ಕೊನೆಯಲ್ಲಿರುವ ಮೂರಕ್ಷರವನ್ನು ಅಳಿಸಿ ವೇವ್ ಎಂದು ಬರೆದರೆ ಕಡತ ವೇವ್ ಆಗುವುದಿಲ್ಲ. ಇದನ್ನು ಹೇಳಬೇಕಾಗಿ ಬಂದಿರುವುದೇ ವಿಷಾದ, ಆದರೂ ಸ್ಟುಡಿಯೋಗಳಿಗೆ ಇಂದಿಗೂ ಇಂತಹ ಕಡತಗಳು ಬರುತ್ತವೆ. ಬಾಲವನ್ನು ನಂಬಬಾರದು ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ಫೋನುಗಳ 3ಜಿಪಿ ಕಡತದೊಳಗೆ ಅನೇಕ ವೇಳೆ ಇರುವುದು ಎ.ಎಂ.ಆರ್. ಧ್ವನಿಯೇ; ಎಂ4ಎ ಎಂಬ ಚೀಲದೊಳಗೆ ಸಾಮಾನ್ಯವಾಗಿ ಇರುವುದು ಎ.ಎ.ಸಿ. ಎಂಬ ಬೇರೊಂದು ವಿಧಾನ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿದರೆ ಒಳಗಿನ ಸ್ವರೂಪ, ಸೆಕೆಂಡಿಗೆ ತೆಗೆದ ಮಾದರಿಗಳ ಸಂಖ್ಯೆ, ಒಂದು ದಾರಿಯೋ ಎರಡು ದಾರಿಯೋ ಎಂಬುದೆಲ್ಲ ತಿಳಿಯುತ್ತದೆ. ಇಲ್ಲಿ ಕಂಡ ವಿವರವನ್ನು ಬರೆದಿಟ್ಟುಕೊಳ್ಳುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

ಪರಿವರ್ತನೆಗೆ ಇಂದು ಹೆಚ್ಚಾಗಿ ಆಧಾರವಾಗಿರುವುದು 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ. ಹಣ ಕೊಟ್ಟು ಕೊಳ್ಳುವ ಹಲವು ಪರಿವರ್ತಕಗಳ ಹೊಟ್ಟೆಯೊಳಗೆ ಕುಳಿತು ಕೆಲಸ ಮಾಡುವುದೂ ಇದೇ. ಆಜ್ಞೆಗಳನ್ನು ಟೈಪ್ ಮಾಡುವ ಅಭ್ಯಾಸವಿಲ್ಲದವರು ಅಡಾಸಿಟಿಯೊಂದಿಗೆ ಇದರ ಲೈಬ್ರರಿಯನ್ನು ಜೋಡಿಸಿಕೊಂಡರೆ ಎ.ಎಂ.ಆರ್. ಕಡತ ನೇರವಾಗಿ ತೆರೆಯುತ್ತದೆ. ನಂತರ ಫೈಲ್ ಪಟ್ಟಿಯಲ್ಲಿನ ಎಕ್ಸ್‌ಪೋರ್ಟ್ ಮೂಲಕ ವೇವ್ ಆಗಿ ಉಳಿಸಬಹುದು. ಡಿ.ಎಸ್.ಎಸ್. ಕಡತಗಳ ಸಂಗತಿ ಇಷ್ಟು ಸುಲಭವಲ್ಲ. ಸಾಮಾನ್ಯ ಗುಣಮಟ್ಟದಲ್ಲಿ ಮುದ್ರಿಸಿದವು ಎಫ್‌ಎಫ್‌ಎಂಪೆಗ್‌ನಲ್ಲಿ ತೆರೆಯುತ್ತವೆ. ಉಳಿದವುಗಳಿಗೆ ಉಪಕರಣ ತಯಾರಿಸಿದ ಕಂಪನಿಯ ತಂತ್ರಾಂಶವನ್ನೇ ಹುಡುಕಬೇಕು; ಗುಪ್ತಪದ ಹಾಕಿ ಮುದ್ರಿಸಿದ್ದರೆ ಆ ಪದ ಗೊತ್ತಿಲ್ಲದೆ ಏನೂ ಸಾಗದು. ಡಿಕ್ಟಾಫೋನ್ ಇಟ್ಟುಕೊಂಡಿರುವವರು ತಂತ್ರಾಂಶದ ಸಿ.ಡಿ.ಯನ್ನು ಎಸೆಯದಿರುವುದು ಕ್ಷೇಮ.

ಕಡತವನ್ನು ಕಳುಹಿಸಿದರೆ ಬದಲಾಯಿಸಿ ಕೊಡುವ ಅಂತರಜಾಲ ತಾಣಗಳೂ ಬೇಕಾದಷ್ಟಿವೆ. ಸಿನಿಮಾ ಹಾಡಿಗೆ ಅವು ಸಾಕು. ಒಬ್ಬ ಹಿರಿಯರು ಮನೆಯೊಳಗೆ ಕುಳಿತು ಊರಿನ ಜಗಳ, ಸಾಲ, ಹೆಸರುಗಳನ್ನೆಲ್ಲ ಎತ್ತಿ ಆಡಿದ ಮಾತನ್ನು ಎಲ್ಲಿದೆಯೆಂದು ತಿಳಿಯದ ಗಣಕಯಂತ್ರಕ್ಕೆ ಏರಿಸುವುದು ಸರಿಯಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಎಷ್ಟು ಮಾದರಿ, ಎಷ್ಟು ಬಿಟ್?

ಎಕ್ಸ್‌ಪೋರ್ಟ್ ಮಾಡುವಾಗ ತಂತ್ರಾಂಶ ಕೇಳುವ ಎರಡು ಪ್ರಶ್ನೆಗಳಲ್ಲಿ ಹೆಚ್ಚಿನವರು ಎಡವುತ್ತಾರೆ. ಮೊದಲನೆಯದು ಸೆಕೆಂಡಿಗೆ ಎಷ್ಟು ಮಾದರಿ ಎಂಬುದು. ಮೂಲದಲ್ಲಿ 8,000 ಇದೆ. ಸಿ.ಡಿ.ಯ ಮಾನಕ 44,100. ದೃಶ್ಯಮಾಧ್ಯಮದ ಮಾನಕ 48,000. 48,000 ಎಂಬುದು 8,000ದ ಸರಿಯಾಗಿ ಆರರಷ್ಟು, ಓಪಸ್ ಧ್ವನಿಯಲ್ಲಿ ಕಾಣುವ 16,000ದ ಮೂರರಷ್ಟು. 44,100ಕ್ಕೆ ಹೋಗಬೇಕಾದರೆ 5.5125ರ ತೊಡಕಿನ ಲೆಕ್ಕ. ಇಂದಿನ ಪರಿವರ್ತಕಗಳು ಅದನ್ನೂ ಚೆನ್ನಾಗಿ ನಿಭಾಯಿಸುತ್ತವೆ, ಆದರೂ ಮುಂದೆ ಸಾಕ್ಷ್ಯಚಿತ್ರಕ್ಕೆ ಸೇರುವ ಸಾಧ್ಯತೆ ಇರುವ ಮಾತಿಗೆ 48,000 ಆಯ್ಕೆ ಮಾಡಿಕೊಳ್ಳುವುದೇ ನೇರವಾದ ಹಾದಿ. ಎಲ್ಲೋ ಎಡವಿ 8,000ದ ಧ್ವನಿಯನ್ನು ಪರಿವರ್ತಿಸದೆ 48,000 ಎಂದು ಹಣೆಪಟ್ಟಿ ಹಚ್ಚಿದರೆ ಅಜ್ಜನ ಮಾತು ಆರುಪಟ್ಟು ವೇಗದಲ್ಲಿ ಗುಬ್ಬಿಯ ಚಿಲಿಪಿಲಿಯಂತೆ ಓಡುತ್ತದೆ. ಹಾಗೆ ಕೇಳಿಸಿದರೆ ಕಡತ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ, ಹಣೆಪಟ್ಟಿ ತಿದ್ದಿದರಾಯಿತು.

ಎರಡನೆಯದು ಬಿಟ್‌ಗಳ ಪ್ರಶ್ನೆ. ಎ.ಎಂ.ಆರ್. ಮುದ್ರಣ ಆರಂಭವಾಗುವುದೇ 13 ಬಿಟ್‌ನ ಧ್ವನಿಯಿಂದ. ಅದನ್ನು 24 ಬಿಟ್‌ನ ಕಡತಕ್ಕೆ ತುಂಬಿದರೆ ಹೊಸ ವಿವರವೇನೂ ಹುಟ್ಟುವುದಿಲ್ಲ. ಹಾಗಿದ್ದೂ 24 ಬಿಟ್ ಆಯ್ದುಕೊಳ್ಳುವುದಕ್ಕೆ ಕಾರಣವಿದೆ. ಸಂಪಾದನೆಯಲ್ಲಿ ಧ್ವನಿಯನ್ನು ಏರಿಸಿ, ಇಳಿಸಿ, ಸೋಸುವ ಪ್ರತಿ ಹಂತದಲ್ಲಿಯೂ ಲೆಕ್ಕದ ಕೊನೆಯ ಅಂಕಿ ಸ್ವಲ್ಪ ಸವೆಯುತ್ತದೆ. ಜಾಗ ಹೆಚ್ಚಿದ್ದರೆ ಆ ಸವೆತ ಕಿವಿಗೆ ಬೀಳುವುದಿಲ್ಲ. ಎಂಪಿ3ರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗಟ್ಟಿಯಾಗಿ ಮುದ್ರಿಸಿದ ಎಂಪಿ3ಯನ್ನು ಬಿಚ್ಚಿದಾಗ ಕೆಲವು ಶಿಖರಗಳು ಗರಿಷ್ಠ ಮಿತಿಯನ್ನೂ ದಾಟುತ್ತವೆ. 16 ಅಥವಾ 24 ಬಿಟ್‌ನ ಕಡತದಲ್ಲಿ ಅವುಗಳ ತಲೆ ಕತ್ತರಿಸಿ ಹೋಗುತ್ತದೆ. 32 ಬಿಟ್ ಫ್ಲೋಟ್ ಎಂಬ ಆಯ್ಕೆಯಲ್ಲಿ ಮಾತ್ರ ಅವು ಉಳಿದುಕೊಳ್ಳುತ್ತವೆ, ನಂತರ ಮಟ್ಟ ಇಳಿಸಿ ಸರಿಪಡಿಸಬಹುದು. ಮಾತೊಂದು ಬಾಯಿಯಿಂದ ಬಂದದ್ದು, ಮುದ್ರಿಸಿದ ಮೈಕ್ ಒಂದೇ. ಆದುದರಿಂದ ಎಡ-ಬಲ ಎರಡು ದಾರಿಯ ಸ್ಟೀರಿಯೋ ಮಾಡುವುದರಿಂದ ಕಡತ ಇಮ್ಮಡಿಯಾಗುವುದೇ ಹೊರತು ಬೇರೆ ಲಾಭವಿಲ್ಲ.

ಒಂದು ಗಂಟೆಯ ಎ.ಎಂ.ಆರ್. ಮುದ್ರಿಕೆ ಅತಿ ಮೇಲಿನ ಮಟ್ಟದಲ್ಲಿ ಸುಮಾರು 5.8 ಮೆಗಾಬೈಟ್. ಅದನ್ನೇ 48,000 ಮಾದರಿ, 24 ಬಿಟ್, ಒಂದೇ ದಾರಿಯ ವೇವ್ ಮಾಡಿದರೆ ಸುಮಾರು 518 ಮೆಗಾಬೈಟ್, ಅಂದರೆ ತೊಂಬತ್ತು ಪಟ್ಟು. ಈ ಹಿಗ್ಗುವಿಕೆಯನ್ನು ಕಂಡು ಗುಣಮಟ್ಟ ಹೆಚ್ಚಿತೆಂದು ಭಾವಿಸುವವರಿದ್ದಾರೆ. ಬ್ಯಾಡಗಿಯ ಒಣಮೆಣಸಿನಕಾಯಿಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ, ರುಬ್ಬುವುದಕ್ಕೆ ಹದವಾಗುತ್ತದೆ. ಗಿಡದ ಮೇಲಿದ್ದ ಹಸಿಕಾಯಿ ಮಾತ್ರ ಆಗುವುದಿಲ್ಲ. ವೇವ್ ಪರಿವರ್ತನೆಯೂ ಅಷ್ಟೇ, ರುಬ್ಬುವ ಹದಕ್ಕೆ ತರುವ ಕೆಲಸ. ಜಾಗದ ಕೊರತೆ ಇದ್ದವರು ಸಂಪಾದನೆ ಮುಗಿದ ಮೇಲೆ ಫ್ಲ್ಯಾಕ್ ಸ್ವರೂಪದಲ್ಲಿ ಇರಿಸಬಹುದು. ಅದು ಸಂಕುಚಿಸಿದರೂ ಒಂದು ಬಿಟ್ಟನ್ನೂ ಕಳೆಯದ ವಿಧಾನ. ಇನ್ನು ವೇವ್ ಕಡತಕ್ಕೆ 4 ಗಿಗಾಬೈಟ್‌ನ ಮಿತಿಯಿದೆಯೆಂಬ ಚಿಂತೆ ಮಾತಿನ ಮುದ್ರಿಕೆಗೆ ಅಷ್ಟಾಗಿ ಇಲ್ಲ. ಮೇಲೆ ಹೇಳಿದ ಲೆಕ್ಕದಲ್ಲಿ ಎಂಟು ಗಂಟೆಗೂ ಮಿಕ್ಕ ಮಾತು ಅದರೊಳಗೆ ಹಿಡಿಯುತ್ತದೆ.

ಮರಳಿ ಬಾರದುದು

8,000 ಮಾದರಿಯ ಮುದ್ರಿಕೆಯಲ್ಲಿ 4,000 ಹರ್ಟ್ಸ್‌ಗಿಂತ ಮೇಲಿನ ಯಾವ ಸದ್ದೂ ಇರಲಾರದು. ಸ್ವರಗಳಿಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಪೆಟ್ಟು ಬೀಳುವುದು ಊಷ್ಮಾಕ್ಷರಗಳಿಗೆ. ಸಕಾರದ ಕಸುವು ಬಹುಪಾಲು 4,000 ಹರ್ಟ್ಸ್‌ಗಿಂತ ಮೇಲೆ ಇರುತ್ತದೆ, ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಮೇಲಿನ ಭಾಗ ಕತ್ತರಿಸಿಹೋದಾಗ ಇವೆರಡರ ನಡುವಣ ಗೆರೆ ಮಸುಕಾಗುತ್ತದೆ. ಹಾವೇರಿ ಧಾರವಾಡದ ಕಡೆ ಶಾಲೆಯನ್ನು ಸಾಲಿ ಎನ್ನುವ ರೂಢಿ ಇದೆ. ಅಜ್ಜ ಸಾಲಿ ಎಂದರೋ ಶಾಲೆ ಎಂದರೋ ಎಂಬುದು ಕಥೆ ಕೇಳುವವನಿಗೆ ದೊಡ್ಡ ಸಂಗತಿಯಲ್ಲ. ಆಡುನುಡಿಯ ಅಧ್ಯಯನ ಮಾಡುವವರಿಗೆ ಎಲ್ಲವೂ ಅದರಲ್ಲಿಯೇ ಇದೆ. ಅದೇ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 1969ರಿಂದ ದೇಶಭಾಷೆಗಳ ಕೆಲಸದಲ್ಲಿ ತೊಡಗಿದೆ. ಇಂತಹ ಕಡೆ ಮುದ್ರಿಕೆಯನ್ನು ಒಪ್ಪಿಸುವಾಗ ಮೂಲ ಸ್ವರೂಪ ಯಾವುದಾಗಿತ್ತೆಂದು ತಿಳಿಸುವುದು ಕರ್ತವ್ಯ. ಹಾಗಿಲ್ಲದೆ 48,000 ಮಾದರಿಯ ವೇವ್ ಕಡತವನ್ನು ಕಂಡ ಸಂಶೋಧಕ, ಇಲ್ಲದ ಸಕಾರವನ್ನು ಇದೆಯೆಂದು ನಂಬಿ ತಪ್ಪು ತೀರ್ಮಾನಕ್ಕೆ ಬರಬಹುದು.

ಈಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಹಳೆಯ ಮುದ್ರಿಕೆಯನ್ನು ಸ್ಟುಡಿಯೋ ಗುಣಮಟ್ಟಕ್ಕೆ ಏರಿಸುತ್ತೇವೆಂದು ಹೇಳಿಕೊಳ್ಳುತ್ತವೆ. ಕೇಳಲು ನಿಜಕ್ಕೂ ಹಿತವಾಗಿರುತ್ತದೆ. ಆದರೆ ಕಳೆದುಹೋದ ಸದ್ದನ್ನು ಅವು ಹುಡುಕಿ ತರುವುದಿಲ್ಲ, ಬೇರೆ ಸಾವಿರಾರು ಜನರ ಮಾತು ಕೇಳಿ ಕಲಿತ ಆಧಾರದ ಮೇಲೆ ಹೀಗಿದ್ದಿರಬಹುದು ಎಂದು ಹೊಸದಾಗಿ ಹೆಣೆಯುತ್ತವೆ. ಮಸುಕಾದ ಒಂದು ಪದವನ್ನು ಬೇರೊಂದು ಸ್ಪಷ್ಟ ಪದವಾಗಿ ಮಾಡಿಬಿಡುವ ಅಪಾಯ ಅಲ್ಲಿದೆ. ಯಾರು ಯಾರ ಹೆಸರು ಹೇಳಿದರು ಎಂಬುದೇ ಮುಖ್ಯವಾದ ಚರಿತ್ರೆಯ ಮುದ್ರಿಕೆಗೆ ಇದು ಒಪ್ಪತಕ್ಕ ಮಾತಲ್ಲ. ಪ್ರಸಾರಕ್ಕೆ ಬೇಕೇಬೇಕೆಂದರೆ ಪ್ರತ್ಯೇಕ ಪ್ರತಿ ಮಾಡಿ, ಅದರ ಹೆಸರಿನಲ್ಲಿಯೇ ಅದನ್ನು ನಮೂದಿಸಬೇಕು.

ಸದ್ದು ಕಡಿಮೆ ಮಾಡುವ ಸಾಮಾನ್ಯ ಉಪಕರಣಗಳ ಬಳಕೆಯೂ ಮಿತಿಯಲ್ಲಿರಲಿ. ಹೆದ್ದಾರಿಯ ಬದಿಯ ಊರಿನಲ್ಲಿ ಮುದ್ರಿಸಿದ ಮಾತಿನಲ್ಲಿ ಲಾರಿಗಳ ಗುಡುಗು ಇದ್ದೇ ಇರುತ್ತದೆ. ಅದರ ಬಹುಭಾಗ 100 ಹರ್ಟ್ಸ್‌ಗಿಂತ ಕೆಳಗಿನದು. ಅಷ್ಟನ್ನು ಸೋಸಿ ತೆಗೆದರೆ ಮಾತಿಗೆ ಪೆಟ್ಟಾಗದು. ಅದಕ್ಕಿಂತ ಹೆಚ್ಚು ಸ್ವಚ್ಛ ಮಾಡಹೊರಟರೆ, ಈಗಾಗಲೇ ಅಂದಾಜಿನಿಂದ ಕಟ್ಟಿದ ಧ್ವನಿ ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನತೊಡಗುತ್ತದೆ. ಈ ಕೆಲಸವನ್ನು ಪರಿವರ್ತನೆಯ ಹೊತ್ತಿನಲ್ಲಿ ಮಾಡದೆ, ವೇವ್ ಕಡತದ ಇನ್ನೊಂದು ಪ್ರತಿಯ ಮೇಲೆ ಮಾಡಬೇಕು. ಮಾತಿನ ನಡುವಣ ಮೌನವನ್ನು ಪೂರ್ತಿ ಅಳಿಸಿ ಹಾಕುವುದೂ ಬೇಡ. ಎಲ್ಲಿಯಾದರೂ ಒಂದು ಕೆಮ್ಮನ್ನು ತೆಗೆದ ಜಾಗಕ್ಕೆ ತೇಪೆ ಹಾಕಲು ಅದೇ ಪಡಸಾಲೆಯ ಮೌನ ಬೇಕಾಗುತ್ತದೆ.

ಸಂಪಾದಿಸಿದುದನ್ನು ಮತ್ತೆ ಎಂಪಿ3 ಮಾಡಿ, ಮರುದಿನ ಆ ಎಂಪಿ3ಯನ್ನೇ ತೆರೆದು ತಿದ್ದಿ, ಪುನಃ ಎಂಪಿ3 ಮಾಡುವ ಪದ್ಧತಿ ಪತ್ರಿಕಾ ಕಚೇರಿಗಳಲ್ಲೂ ಇದೆ. ಪ್ರತಿ ಸಲವೂ ಒಂದು ಪದರ ಕಳಚುತ್ತದೆ. ಅಷ್ಟೇ ಅಲ್ಲ, ಎಂಪಿ3 ಮಾಡುವಾಗ ಮತ್ತು ಬಿಚ್ಚುವಾಗ ಆರಂಭದಲ್ಲಿ ಸಣ್ಣದೊಂದು ಮೌನ ಸೇರಿಕೊಳ್ಳುತ್ತದೆ. ಹೆಚ್ಚು ಬಳಕೆಯಲ್ಲಿರುವ ಲೇಮ್ ಎಂಬ ತಂತ್ರಾಂಶದಲ್ಲಿ ಅದು ಒಟ್ಟು 1,105 ಮಾದರಿಗಳಷ್ಟು, ಅಂದರೆ ಸಿ.ಡಿ. ಮಾನಕದ ಲೆಕ್ಕದಲ್ಲಿ ಸೆಕೆಂಡಿನ ನಲವತ್ತನೇ ಒಂದು ಭಾಗ. ಒಂದು ಸಲಕ್ಕೆ ಯಾರಿಗೂ ತಿಳಿಯದು. ನಾಲ್ಕಾರು ಸಲ ಹೀಗೆ ಸೇರಿಕೊಂಡರೆ ದೃಶ್ಯದಲ್ಲಿ ತುಟಿ ಮೊದಲು ಅಲುಗಿ ಮಾತು ಆಮೇಲೆ ಬರುತ್ತದೆ. ಸಂಪಾದನೆ ನಡೆಯುವವರೆಗೆ ವೇವ್‌ನಲ್ಲೇ ಇದ್ದು, ಕೊನೆಯಲ್ಲಿ ಒಮ್ಮೆ ಮಾತ್ರ ಎಂಪಿ3 ಮಾಡಿದರೆ ಈ ಪೀಡೆ ಇಲ್ಲ.

ಹೆಸರು, ವಿವರ, ಕನ್ನಡ

ಬ್ರಾಡ್‌ಕಾಸ್ಟ್ ವೇವ್‌ನಲ್ಲಿ ವಿವರಣೆಗೆಂದು ಮೀಸಲಿರುವುದು 256 ಅಕ್ಷರಗಳ ಜಾಗ. ಆದರೆ ಆ ಮಾನಕ ರೂಪುಗೊಂಡದ್ದು ಇಂಗ್ಲಿಷ್ ಅಕ್ಷರಗಳನ್ನು ಎದುರಿಗಿಟ್ಟುಕೊಂಡು. ಯೂನಿಕೋಡ್‌ನ ಸಾಮಾನ್ಯ ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಒತ್ತು, ಗುಣಿತ ಎಲ್ಲವೂ ಬೇರೆಬೇರೆ ಚಿಹ್ನೆಗಳು. ಹಾಗಾಗಿ ಅಲ್ಲಿ ಹಿಡಿಯುವುದು ಎಂಬತ್ತೈದು ಚಿಹ್ನೆಗಳಷ್ಟೇ. ಅದನ್ನೂ ಎಲ್ಲ ತಂತ್ರಾಂಶಗಳು ಸರಿಯಾಗಿ ಓದುತ್ತವೆಂಬ ಭರವಸೆಯಿಲ್ಲ, ಅನೇಕ ವೇಳೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಕಡತದೊಳಗೆ ರೋಮನ್ ಲಿಪಿಯಲ್ಲಿ ಊರು, ದಿನಾಂಕ, ಮೂಲ ಸ್ವರೂಪಗಳನ್ನು ಚುಟುಕಾಗಿ ಬರೆದು, ಕನ್ನಡದ ಪೂರ್ಣ ವಿವರವನ್ನು ಅದೇ ಹೆಸರಿನ ಪ್ರತ್ಯೇಕ ಪಠ್ಯ ಕಡತದಲ್ಲಿ ಇರಿಸುವುದೇ ಸದ್ಯಕ್ಕೆ ಕ್ಷೇಮವಾದ ಮಾರ್ಗ. ಮಾತನಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ, ಯಾವ ಫೋನು, ಮೂಲ ಕಡತದ ಹೆಸರು, ಪರಿವರ್ತಿಸಿದವರು ಯಾರು, ಯಾವ ತಂತ್ರಾಂಶದಲ್ಲಿ ಎಂಬುದೆಲ್ಲ ಅಲ್ಲಿರಲಿ. ವಾಯ್ಸ್ 001 ಎಂಬ ಹೆಸರನ್ನು ಬದಲಾಯಿಸುವಾಗ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಅಂಕಿಗಳಿಂದ ಆರಂಭಿಸಿದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಸ್ಟುಡಿಯೋಗೆ ಕಳುಹಿಸುವುದಾದರೆ ದಾಖಲೆ, ಅಂದರೆ ಡಾಕ್ಯುಮೆಂಟ್ ಎಂಬ ಆಯ್ಕೆಯಲ್ಲಿ ಕಳುಹಿಸಿದಾಗ ಬದಲಾಗದೆ ತಲುಪುತ್ತದೆ. ಫೋನಿನಲ್ಲಿ ನುಡಿಸಿ ಇನ್ನೊಂದು ಫೋನಿನಿಂದ ಮುದ್ರಿಸಿ ಕಳುಹಿಸುವವರೂ ಇದ್ದಾರೆ. ಹಾಗೆ ಮಾಡಿದಲ್ಲಿ ಕೋಣೆಯ ಫ್ಯಾನಿನ ಸದ್ದೂ ಚರಿತ್ರೆಯ ಭಾಗವಾಗುತ್ತದೆ.

ಇನ್ನು ಮುಂದೆ ಮುದ್ರಿಸುವವರಿಗೆ ಈ ಪರಿವರ್ತನೆಯ ಗೊಡವೆಯೇ ಬೇಕಿಲ್ಲ. ಈಗಿನ ಬಹುತೇಕ ಫೋನುಗಳಿಗೆ 48,000 ಮಾದರಿಯ ವೇವ್‌ನಲ್ಲೇ ನೇರವಾಗಿ ಮುದ್ರಿಸುವ ಉಚಿತ ತಂತ್ರಾಂಶಗಳು ದೊರೆಯುತ್ತವೆ. ತುರ್ತು ಇರುವುದು ಹಳೆಯ ಹ್ಯಾಂಡ್‌ಸೆಟ್‌ಗಳದು. ಮೆಮೊರಿ ಕಾರ್ಡ್ ಇದ್ದಲ್ಲಿ ಮೊದಲು ಅದನ್ನು ಹೊರತೆಗೆದು ಕಾರ್ಡ್ ರೀಡರ್ ಮೂಲಕ ಗಣಕಯಂತ್ರಕ್ಕೆ ನಕಲು ಮಾಡಿಕೊಳ್ಳಬೇಕು. ಮುದ್ರಿಕೆಯು ಫೋನಿನ ಒಳ ಸ್ಮೃತಿಯಲ್ಲಿದ್ದರೆ ಫೋನನ್ನು ಒಮ್ಮೆ ಚಾಲೂ ಮಾಡಲೇಬೇಕು. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಲು ಹೋಗದೆ ಅದೇ ನಮೂನೆಯ ಬೇರೊಂದನ್ನು ಹಾಕುವುದು ಸುರಕ್ಷಿತ. ನೋಕಿಯಾ ಫೋನುಗಳಲ್ಲಿ ಮೊದಲಿನವಕ್ಕೆ ದಪ್ಪ ಪಿನ್ನಿನ ಚಾರ್ಜರ್, ನಂತರದವಕ್ಕೆ ಸಣ್ಣ ಪಿನ್ನಿನದು. ಎರಡೂ ಇಂದಿಗೂ ಪೇಟೆಯ ಮೊಬೈಲ್ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಹುಡುಕಿದರೆ ಸಿಗುವುದುಂಟು.